ಎಸ್2000 ಪಿಸ್ಟನ್ ಎಫ್1 ಪಿಸ್ಟನ್‌ಗಿಂತ ಜೋರಾಗಿ ಓಡುತ್ತದಾ? ನನ್ನ ಲೆಕ್ಕ ಎಲ್ಲಿ ತಪ್ಪಿದೆ ಹೇಳಿ

ರೆಡ್‌ಲೈನ್ ರಾಜ:
ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ ಕ್ಯಾಲ್ಕುಲೇಟರ್ ಹಿಡಿದು ಕೂತಿದ್ದೆ. ಈಗ ತಲೆ ಕೆಟ್ಟಿದೆ. ನೀವೇ ಬಿಡಿಸಿ.

ಸರಾಸರಿ ಪಿಸ್ಟನ್ ವೇಗದ ಲೆಕ್ಕ ಎಲ್ಲರಿಗೂ ಗೊತ್ತಲ್ವಾ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಶಾಫ್ಟ್) ಒಂದು ಸುತ್ತು ಬಂದರೆ ಪಿಸ್ಟನ್ ಒಂದು ಸಲ ಇಳಿದು ಒಂದು ಸಲ ಏರುತ್ತದೆ, ಅಂದರೆ ಎರಡು ಸ್ಟ್ರೋಕ್ ದೂರ. ಅದನ್ನು ಆರ್‌ಪಿಎಂನಿಂದ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದರಿಂದ, ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಸಿಗುತ್ತದೆ.

ಹೋಂಡಾ ಎಸ್2000, ಮೊದಲು ಬಂದ ಎರಡು ಲೀಟರ್ ಎಂಜಿನ್. ಸ್ಟ್ರೋಕ್ 84 ಮಿಮೀ, 9000 ಆರ್‌ಪಿಎಂ. ಉತ್ತರ 25.2 ಮೀಟರ್.

2006ರಿಂದ 2013ರವರೆಗಿನ ಫಾರ್ಮುಲಾ 1 ವಿ8, 2.4 ಲೀಟರ್. ಬೋರ್ (ಸಿಲಿಂಡರಿನ ಅಗಲ) 98 ಮಿಮೀ, ಹಾಗಾಗಿ ಸ್ಟ್ರೋಕ್ 39.8 ಮಿಮೀ ಬರುತ್ತದೆ. 18,000 ಆರ್‌ಪಿಎಂ. ಉತ್ತರ 23.9 ಮೀಟರ್.

ಅಂದರೆ ಆಫೀಸಿಗೆ ಓಡಿಸಿಕೊಂಡು ಹೋಗಬಹುದಾದ ಕಾರಿನ ಪಿಸ್ಟನ್ ರೇಸ್ ಕಾರಿನ ಪಿಸ್ಟನ್‌ಗಿಂತ ಜೋರು! ಮೂರು ಸಲ ಹಾಕಿದೆ, ಮೂರು ಸಲವೂ ಅದೇ ಬಂತು. ಹಾಗಾದರೆ ಎಫ್1 ಎಂಜಿನ್‌ನಲ್ಲಿ ಅಂಥದ್ದೇನಿದೆ?

ಕ್ಲಚ್ ಕಿಟ್ಟಿ:
ಲೆಕ್ಕ ಸರಿ ಇದೆ ಗುರು. ಮಲಗು ಹೋಗು.

ಲೆಕ್ಕದ ಮೇಷ್ಟ್ರು:
ಲೆಕ್ಕ ಸರಿ, ಪ್ರಶ್ನೆ ಅರ್ಧ. ನೀವು ಹಿಡಿದಿದ್ದು ಸರಾಸರಿ ವೇಗ. ವೇಗದಿಂದ ಯಾವ ಲೋಹವೂ ಮುರಿಯುವುದಿಲ್ಲ. ಮುರಿಯುವುದು ವೇಗ ಬದಲಾಗುವಾಗ. ಪಿಸ್ಟನ್ ತುದಿಗೆ ಬಂದು ನಿಂತು, ತಿರುಗಿ ಓಡಬೇಕಲ್ಲ, ಆ ಕ್ಷಣವನ್ನು ನೋಡಿ.

ಮೇಲಿನ ತುದಿಯಲ್ಲಿ ವೇಗೋತ್ಕರ್ಷ ಎಷ್ಟು ಅಂದರೆ: ಸ್ಟ್ರೋಕಿನ ಅರ್ಧ, ಗುಣಿಸು ಕೋನೀಯ ವೇಗದ ವರ್ಗ, ಅದರ ಮೇಲೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಉದ್ದಕ್ಕೆ ತಕ್ಕಂತೆ ಇನ್ನೊಂದಿಷ್ಟು. ಎಸ್2000ದಲ್ಲಿ ರಾಡ್ 153 ಮಿಮೀ. 9000ಕ್ಕೆ ಹಾಕಿದರೆ ಸುಮಾರು 4850 ಜಿ, ಅಂದರೆ ಭೂಮಿಯ ಎಳೆತದ 4850 ಪಟ್ಟು, ಬರುತ್ತದೆ. ಎಫ್1 ವಿ8ಗೆ ರಾಡ್ ಉದ್ದ 100 ಮಿಮೀ ಅಂತ ಇಟ್ಟುಕೊಂಡು 18,000ಕ್ಕೆ ಹಾಕಿ, ಸುಮಾರು 8600 ಜಿ.

ಪಿಸ್ಟನ್ ವೇಗ ಸ್ವಲ್ಪ ಕಡಿಮೆ, ಎಳೆತ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು. ಯಾಕೆ? ಒಂದೇ ಪಿಸ್ಟನ್ ವೇಗಕ್ಕೆ ಸ್ಟ್ರೋಕ್ ಅರ್ಧ ಮಾಡಿದರೆ, ಅಷ್ಟೇ ವೇಗ ಪಡೆದು ಅಷ್ಟೇ ವೇಗ ಬಿಡಲು ಸಿಗುವ ಜಾಗವೂ ಅರ್ಧ, ಸಮಯವೂ ಅರ್ಧ.

ರೆಡ್‌ಲೈನ್ ರಾಜ:
8600 ಜಿ?? ಮೇಷ್ಟ್ರೇ ಒಂದು ಸೊನ್ನೆ ಜಾಸ್ತಿ ಹಾಕಿಲ್ಲ ತಾನೇ?

ಲೆಕ್ಕದ ಮೇಷ್ಟ್ರು:
ಇಲ್ಲ. ಪಿಸ್ಟನ್, ರಿಂಗ್, ಪಿನ್ ಎಲ್ಲ ಸೇರಿ 300 ಗ್ರಾಂ ಅಂತ ಇಟ್ಟುಕೊಳ್ಳಿ. ಆ 300 ಗ್ರಾಂ, ಮೇಲಿನ ತುದಿಯಲ್ಲಿ ಎರಡೂವರೆ ಟನ್‌ಗಿಂತ ಜಾಸ್ತಿ ತೂಕದ ಹಾಗೆ ರಾಡನ್ನು ಎಳೆಯುತ್ತದೆ. ಸೆಕೆಂಡಿಗೆ 300 ಸಲ.

ಇನ್ನೊಂದು: 23.9 ಅನ್ನುವುದು ಸರಾಸರಿ. ಸ್ಟ್ರೋಕಿನ ನಡುವೆ ಪಿಸ್ಟನ್ ಮುಟ್ಟುವ ಗರಿಷ್ಠ ವೇಗ ಅದರ ಸುಮಾರು 1.6 ಪಟ್ಟು, 38 ಮೀಟರ್ ಆಸುಪಾಸು. ಗಂಟೆಗೆ 137 ಕಿಮೀ ಅಂದುಕೊಳ್ಳಿ. ನಿಂತಲ್ಲಿಂದ ಆ ವೇಗಕ್ಕೆ ಒಂದು ಮಿಲಿಸೆಕೆಂಡ್ ಕೂಡ ಬೇಡ. ಮತ್ತೆ ನಿಲ್ಲಬೇಕು. ಇಷ್ಟೆಲ್ಲ ನಾಲ್ಕು ಸೆಂಟಿಮೀಟರ್ ಒಳಗೆ!

ಹಳೇ ಸ್ಪ್ಯಾನರ್:
ಮೇಷ್ಟ್ರು ಹೇಳಿದ್ದು ಪುಸ್ತಕದ ಮಾತಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಹುಡುಗ ಟ್ರ್ಯಾಕ್ ಮೇಲೆ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿಬಿಟ್ಟ. ರೆವ್ ಲಿಮಿಟರ್ ಇತ್ತು, ಆದರೆ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದೇ ಹೊರತು ಚಕ್ರವೇ ಎಂಜಿನ್ನನ್ನು ತಿರುಗಿಸುವಾಗ ಅದೇನು ಮಾಡೀತು? ಎಂಜಿನ್ ನನ್ನ ಹತ್ತಿರ ಬಂದಾಗ ಬ್ಲಾಕ್ ಪಕ್ಕದಲ್ಲಿ ಕೈ ತೂರುವಷ್ಟು ಕಿಂಡಿ. ರಾಡ್ ಎರಡು ತುಂಡು. ಪಿಸ್ಟನ್ ಮೇಲ್ಭಾಗ ನೋಡಿದರೆ ಏನೂ ಆಗಿಲ್ಲ, ತೊಳೆದು ಇಟ್ಟ ಹಾಗಿತ್ತು.

ಮೊದಲು ಹೋಗಿದ್ದು ರಾಡ್ ಬೋಲ್ಟ್. ಎಲ್ಲರೂ ಅಂದುಕೊಳ್ಳುವುದು ಉರಿಯುವ ಗ್ಯಾಸ್ ಒತ್ತಡದಿಂದ ರಾಡ್ ಮುರಿಯುತ್ತದೆ ಅಂತ. ಹಾಗಲ್ಲ. ಉರಿಯುವಾಗ ಗ್ಯಾಸ್ ಪಿಸ್ಟನ್ನನ್ನು ಕೆಳಗೆ ಒತ್ತುತ್ತದೆ, ಪಿಸ್ಟನ್ ಮಾತ್ರ ಮೇಲೆ ಹಾರಿಹೋಗಲು ನೋಡುತ್ತಿರುತ್ತದೆ. ಒಂದಕ್ಕೊಂದು ವಜಾ. ಅಪಾಯ ಇರುವುದು ಇನ್ನೊಂದು ಸುತ್ತಿನಲ್ಲಿ, ಹೊಗೆ ಹೊರಹಾಕುವ ಎಕ್ಸಾಸ್ಟ್ ಮುಗಿದು ಗಾಳಿ ಎಳೆಯುವ ಇನ್‌ಟೇಕ್ ಶುರುವಾಗುವಾಗ. ಆಗ ಮೇಲೆ ತಡೆಯಲು ಗ್ಯಾಸ್ ಇಲ್ಲ, ಪಿಸ್ಟನ್ನನ್ನು ವಾಪಸ್ ಎಳೆಯುವ ಕೆಲಸ ಪೂರ್ತಿ ರಾಡಿನದು, ರಾಡಿನ ಕೆಳಗಿನ ಕ್ಯಾಪಿನದು, ಆ ಎರಡು ಬೋಲ್ಟಿನದು. ಥ್ರಾಟಲ್ ಮುಚ್ಚಿ ಗೇರ್ ಇಳಿಸುವಾಗಲೇ ಎಂಜಿನ್ ಸಾಯುವುದು ಯಾಕೆ ಅಂತ ಈಗ ಗೊತ್ತಾಯಿತಾ?

ಟಾರ್ಕ್ ತಿಮ್ಮ:
ಇದೆಲ್ಲ ಸರಿ, ಆದರೆ ಸ್ಟ್ರೋಕ್ ಗಿಡ್ಡ ಮಾಡಿದರೆ ಟಾರ್ಕ್ (ತಿರುಗಿಸುವ ಬಲ) ಹೋಗುತ್ತದೆ ಸ್ವಾಮಿ. ಉದ್ದ ಸ್ಪ್ಯಾನರ್ ಹಿಡಿದರೆ ನಟ್ ಸುಲಭವಾಗಿ ತಿರುಗುತ್ತದೆ, ಗಿಡ್ಡದರಲ್ಲಿ ತಿರುಗಲ್ಲ. ಅಷ್ಟೇ ವಿಷಯ. ಎಫ್1 ಎಂಜಿನ್ ಅದಕ್ಕೇ ಕೆಳಗಿನ ಆರ್‌ಪಿಎಂನಲ್ಲಿ ಸತ್ತ ಹಾಗಿರುತ್ತದೆ.

ಗಾಳಿ ಗಿರಾಕಿ:
ಬಂತು ಸ್ಪ್ಯಾನರ್ ಕಥೆ. ತಿಮ್ಮಣ್ಣ, ಸ್ಪ್ಯಾನರ್ ಉದ್ದವಾಯಿತು ಸರಿ, ಒತ್ತುವ ಕೈ ಸಣ್ಣದಾಯಿತಲ್ಲ? ಅಷ್ಟೇ ಸಿಸಿ ಇಟ್ಟುಕೊಂಡು ಸ್ಟ್ರೋಕ್ ಎರಡು ಪಟ್ಟು ಮಾಡಿದರೆ ಪಿಸ್ಟನ್ ಮುಖ ಅರ್ಧ ಆಗುತ್ತದೆ. ಅದೇ ಒತ್ತಡಕ್ಕೆ ಬಲವೂ ಅರ್ಧ. ಗುಣಿಸಿ ನೋಡಿ, ಅಲ್ಲಿಂದಲ್ಲಿಗೆ. ಟಾರ್ಕ್ ನಿಂತಿರುವುದು ಸಿಸಿ ಮೇಲೆ ಮತ್ತು ಸಿಲಿಂಡರ್ ಒಳಗಿನ ಸರಾಸರಿ ಒತ್ತಡದ ಮೇಲೆ.

ನಂಬಿಕೆ ಬರದಿದ್ದರೆ ಅಂಕಿ ತಗೊಳ್ಳಿ. ಎಸ್2000 ಟಾರ್ಕ್ 208 ನ್ಯೂಟನ್ ಮೀಟರ್, ಲೀಟರಿಗೆ 104. ಆ ಎಫ್1 ವಿ8 ಸುಮಾರು 750 ಅಶ್ವಶಕ್ತಿ ಅಂತಾರೆ, 18,000ದಲ್ಲಿ ಅಷ್ಟು ಬರಬೇಕಾದರೆ ಟಾರ್ಕ್ 297 ಇರಲೇಬೇಕು, ಲೀಟರಿಗೆ 124. ಸ್ಟ್ರೋಕ್ ಅರ್ಧಕ್ಕಿಂತ ಗಿಡ್ಡ, ಲೀಟರಿನ ಟಾರ್ಕ್ ಮಾತ್ರ ಜಾಸ್ತಿ. ಈಗ ಹೇಳಿ.

ಟಾರ್ಕ್ ತಿಮ್ಮ:
ಅದು 18,000ದಲ್ಲಿ. 3000ದಲ್ಲಿ ತೋರಿಸಿ ನೋಡೋಣ.

ಗಾಳಿ ಗಿರಾಕಿ:
3000ದಲ್ಲಿ ಇಲ್ಲ, ಒಪ್ಪಿದೆ. ಅದಕ್ಕೆ ಸ್ಟ್ರೋಕ್ ಕಾರಣ ಅಲ್ಲ, ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಹೊತ್ತು), ಪೋರ್ಟ್ ಗಾತ್ರ, ಇನ್‌ಟೇಕ್ ಪೈಪ್ ಉದ್ದ ಕಾರಣ. 18,000ಕ್ಕೆ ಟ್ಯೂನ್ ಮಾಡಿದ ಪೈಪ್ 3000ದಲ್ಲಿ ಉಲ್ಟಾ ಹೊಡೆಯುತ್ತದೆ. ಉದ್ದ ಸ್ಟ್ರೋಕ್ ಎಂಜಿನ್‌ಗಳಲ್ಲಿ ಕೆಳಗೆ ಟಾರ್ಕ್ ಇರುವುದು ನಿಜ, ಯಾಕೆಂದರೆ ಅವನ್ನು ಕೆಳಗೆ ಓಡಿಸಲಿಕ್ಕೆಂದೇ ಹಾಗೆ ಮಾಡಿರುತ್ತಾರೆ.

ರಾಜ ಕೇಳಿದ ಮೂಲ ಪ್ರಶ್ನೆಗೆ ಬರುತ್ತೇನೆ, ಯಾರೂ ಪೂರ್ತಿ ಉತ್ತರ ಹೇಳಿಲ್ಲ. ಎಂಜಿನ್ ಶಕ್ತಿಯನ್ನು ಹೀಗೂ ಬರೆಯಬಹುದು: ಸರಾಸರಿ ಒತ್ತಡ, ಗುಣಿಸು ಎಲ್ಲ ಪಿಸ್ಟನ್‌ಗಳ ಮುಖದ ಒಟ್ಟು ವಿಸ್ತೀರ್ಣ, ಗುಣಿಸು ಪಿಸ್ಟನ್ ವೇಗ, ಭಾಗಿಸು ನಾಲ್ಕು. ನಾಲ್ಕು ಯಾಕೆ ಅಂದರೆ ನಾಲ್ಕು ಸ್ಟ್ರೋಕಿನಲ್ಲಿ ಒಂದು ಮಾತ್ರ ದುಡಿಯುತ್ತದೆ. ಈ ಸೂತ್ರದಲ್ಲಿ ಸ್ಟ್ರೋಕೇ ಇಲ್ಲ, ಆರ್‌ಪಿಎಂ ಕೂಡ ಇಲ್ಲ, ಗಮನಿಸಿದಿರಾ?

ಈಗ ಟರ್ಬೊ ಇಲ್ಲದ ಎಂಜಿನ್‌ಗೆ ಒತ್ತಡ 15 ಬಾರ್ ಆಸುಪಾಸಿನಲ್ಲಿ ನಿಂತುಹೋಗುತ್ತದೆ. ಪಿಸ್ಟನ್ ವೇಗ 25ರ ಹತ್ತಿರ ನಿಲ್ಲುತ್ತದೆ. ಉಳಿದಿದ್ದು ವಿಸ್ತೀರ್ಣ ಒಂದೇ. ಎಫ್1 ವಿ8ನಲ್ಲಿ ಎಂಟು ಪಿಸ್ಟನ್ ಸೇರಿ 603 ಚದರ ಸೆಂಮೀ, ಎಸ್2000ದಲ್ಲಿ ನಾಲ್ಕು ಸೇರಿ 238. ಸಿಸಿ ಹೆಚ್ಚುಕಡಿಮೆ ಅಷ್ಟೇ, ಮುಖ ಎರಡೂವರೆ ಪಟ್ಟು. ಎಫ್1ನವರು ಪಿಸ್ಟನ್ನನ್ನು ಜೋರಾಗಿ ಓಡಿಸಿ ಶಕ್ತಿ ತೆಗೆಯಲಿಲ್ಲ ರಾಜ, ಪಿಸ್ಟನ್ನನ್ನು ಅಗಲ ಮಾಡಿ ತೆಗೆದರು. ಆರ್‌ಪಿಎಂ ಅನ್ನುವುದು ಆ ಅಗಲಕ್ಕೆ ಕಟ್ಟಿದ ಸುಂಕ. ಸಿಸಿ ನಿಯಮ ಕಟ್ಟಿಹಾಕಿರುವಾಗ ಅಗಲ ಮಾಡಿದರೆ ಸ್ಟ್ರೋಕ್ ಗಿಡ್ಡ ಆಗಲೇಬೇಕು, ಗಿಡ್ಡ ಸ್ಟ್ರೋಕಿನಲ್ಲಿ ಅದೇ ಪಿಸ್ಟನ್ ವೇಗ ಬೇಕಾದರೆ ಆರ್‌ಪಿಎಂ ಏರಿಸಲೇಬೇಕು.

ರೆಡ್‌ಲೈನ್ ರಾಜ:
ಅಯ್ಯೋ. ನಾನು ಇಷ್ಟು ವರ್ಷ ಉಲ್ಟಾ ಅಂದುಕೊಂಡಿದ್ದೆ. ಆರ್‌ಪಿಎಂ ಬೇಕು ಅಂತ ಸ್ಟ್ರೋಕ್ ಗಿಡ್ಡ ಮಾಡುತ್ತಾರೆ ಅಂತ.

ಕ್ಲಚ್ ಕಿಟ್ಟಿ:
ಎರಡೂ ಒಂದೇ ಅಲ್ವಾ ಕೊನೆಗೆ?

ಗಾಳಿ ಗಿರಾಕಿ:
ಅಂಕಿ ಒಂದೇ, ಯೋಚನೆ ಬೇರೆ. ಇನ್ನೊಂದು ಲಾಭವೂ ಇದೆ. ಬೋರ್ ಅಗಲ ಆದರೆ ವಾಲ್ವ್ ಇಡಲು ಜಾಗ ಸಿಗುತ್ತದೆ. ಪಿಸ್ಟನ್ ಎಳೆಯುವ ಗಾಳಿ ಪೂರ್ತಿ ಆ ಇನ್‌ಟೇಕ್ ವಾಲ್ವ್ ಸಂದಿಯಲ್ಲೇ ಬರಬೇಕು. ವಾಲ್ವ್ ದಾಟುವ ಗಾಳಿಯ ಸರಾಸರಿ ವೇಗ ಶಬ್ದದ ವೇಗದ ಅರ್ಧದ ಹತ್ತಿರ ಬಂತೆಂದರೆ ಉಸಿರು ಕಟ್ಟಲು ಶುರು. ಆಮೇಲೆ ಎಷ್ಟು ಆರ್‌ಪಿಎಂ ಕೊಟ್ಟರೂ ಸಿಲಿಂಡರ್ ತುಂಬುವುದಿಲ್ಲ. ಬರೀ ಸದ್ದು.

ಡ್ರಾಯಿಂಗ್ ಬೋರ್ಡ್:
ಮೇಷ್ಟ್ರೇ, ನಿಮ್ಮ ಮೊದಲ ಉತ್ತರಕ್ಕೆ ನನ್ನದೊಂದು ತಕರಾರು. ಪಿಸ್ಟನ್ ವೇಗವನ್ನು ನೀವು ಬೇಗ ಬದಿಗೆ ತಳ್ಳಿಬಿಟ್ಟಿರಿ. 8600 ಜಿ ಅಂದ ಕೂಡಲೇ ಎಲ್ಲರೂ ಬೆಚ್ಚುತ್ತಾರೆ, ಆದರೆ ಜಿ ಒಂದನ್ನೇ ನೋಡುವುದೂ ಅಷ್ಟೇ ತಪ್ಪು.

ಒಂದು ಎಂಜಿನ್ನನ್ನು ಹಾಗೇ ಎಲ್ಲ ಕಡೆಯಿಂದ ಎರಡು ಪಟ್ಟು ದೊಡ್ಡದು ಮಾಡಿ. ಆರ್‌ಪಿಎಂ ಅರ್ಧ ಮಾಡಿ. ಪಿಸ್ಟನ್ ವೇಗ ಬದಲಾಗಲಿಲ್ಲ. ವೇಗೋತ್ಕರ್ಷ ಅರ್ಧವಾಯಿತು. ತೂಕ ಎಂಟು ಪಟ್ಟು. ಹಾಗಾಗಿ ಎಳೆಯುವ ಬಲ ನಾಲ್ಕು ಪಟ್ಟು. ರಾಡಿನ ಅಡ್ಡಕೊಯ್ತದ ವಿಸ್ತೀರ್ಣವೂ ನಾಲ್ಕು ಪಟ್ಟು. ಲೋಹದ ಒಂದೊಂದು ಚದರ ಮಿಮೀ ಮೇಲೆ ಬೀಳುವ ಹೊರೆ? ಮೊದಲಿದ್ದಷ್ಟೇ! ಒಂದೇ ಆಕಾರದ ಎಂಜಿನ್‌ಗಳಲ್ಲಿ ಲೋಹಕ್ಕೆ ಎಷ್ಟು ನೋವು ಅನ್ನುವುದನ್ನು ಪಿಸ್ಟನ್ ವೇಗವೇ ಹೇಳುತ್ತದೆ, ಜಿ ಅಲ್ಲ. ಆಟಿಕೆ ವಿಮಾನದ ಪುಟ್ಟ ಎಂಜಿನ್ 20,000 ತಿರುಗಿದರೂ ಯಾರಿಗೂ ಆಶ್ಚರ್ಯ ಆಗದೇ ಇರುವುದು ಇದಕ್ಕೇ.

ಲೆಕ್ಕದ ಮೇಷ್ಟ್ರು:
ಒಪ್ಪಿದೆ ಮೇಡಂ, ಒಂದು ಷರತ್ತಿನ ಮೇಲೆ. ಈ ಎರಡು ಎಂಜಿನ್ ಒಂದೇ ಆಕಾರದವಲ್ಲ. ಎಸ್2000ದಲ್ಲಿ ಬೋರ್ 87, ಸ್ಟ್ರೋಕ್ 84, ಹೆಚ್ಚುಕಡಿಮೆ ಚೌಕ. ಎಫ್1ನಲ್ಲಿ ಬೋರ್ ಸ್ಟ್ರೋಕಿನ ಎರಡೂವರೆ ಪಟ್ಟು. ಅಂದರೆ ಎಳೆತ ಎರಡು ಪಟ್ಟಾಗುವ ಜಾಗದಲ್ಲಿ ಪಿಸ್ಟನ್ ಇನ್ನೂ ಅಗಲ. ಅಗಲ ಪಿಸ್ಟನ್ ಭಾರ ಇರಬೇಕಿತ್ತು, ಆದರೆ ಅದನ್ನೇ ಹಗುರ ಮಾಡಿದ್ದಾರೆ. ಸ್ಕರ್ಟ್ (ಪಿಸ್ಟನ್ನಿನ ಪಕ್ಕದ ಗೋಡೆ) ಅನ್ನುವುದು ಹೆಸರಿಗೆ ಎರಡು ತುಣುಕು, ಪಿನ್ ಗಿಡ್ಡ, ರಿಂಗ್ ಕಡಿಮೆ. ಇಂಥದ್ದೇನಿದೆ ಅಂತ ರಾಜ ಕೇಳಿದ್ದಕ್ಕೆ ಇದೂ ಒಂದು ಉತ್ತರ.

ಡ್ರಾಯಿಂಗ್ ಬೋರ್ಡ್:
ಹಾಗಾದರೆ ಜಗಳ ಮುಗಿಯಿತು. 1966ರ ಹೋಂಡಾ ಆರ್‌ಸಿ149 ನೋಡಿ, ಲುಯಿಜಿ ತವೇರಿ 125 ಸಿಸಿ ವಿಶ್ವ ಚಾಂಪಿಯನ್ ಆದ ಬೈಕ್. 125 ಸಿಸಿಗೆ ಐದು ಸಿಲಿಂಡರ್. ಬೋರ್ 35.5, ಸ್ಟ್ರೋಕ್ 25.1 ಮಿಮೀ. 20,500 ಆರ್‌ಪಿಎಂ. ಪಿಸ್ಟನ್ ವೇಗ ಎಷ್ಟು ಗೊತ್ತಾ? 17.2 ಮೀಟರ್ ಅಷ್ಟೇ. ಕಿವಿಗೆ ಕಿರುಚಾಟ, ಪಿಸ್ಟನ್‌ಗೆ ಆರಾಮ.

ಸಿಲಿಂಡರ್ ಸಂಖ್ಯೆ ಏರಿಸುವುದರ ಗುಟ್ಟೂ ಇದೇ. ಅಷ್ಟೇ ಸಿಸಿಯನ್ನು ಒಂದು ಸಿಲಿಂಡರ್ ಬದಲು ಎಂಟಕ್ಕೆ ಹಂಚಿ, ಆಕಾರ ಅದೇ ಇರಲಿ, ಪಿಸ್ಟನ್ ವೇಗ ಅದೇ ಇರಲಿ. ಒಟ್ಟು ಪಿಸ್ಟನ್ ಮುಖ ಸರಿಯಾಗಿ ಎರಡು ಪಟ್ಟು ಆಗುತ್ತದೆ.

ಎರಡು ಸ್ಟ್ರೋಕ್ ಭಕ್ತ:
ಎರಡು ಸ್ಟ್ರೋಕ್ ಎಂಜಿನ್‌ಗೆ ಆ ನಾಲ್ಕರ ಜಾಗದಲ್ಲಿ ಎರಡು ಬರುತ್ತದೆ. ಸುಮ್ನೆ ನೆನಪಿಸಿದೆ.

ಕ್ಲಚ್ ಕಿಟ್ಟಿ:
ನೀನು ಬಾರದೆ ಇದ್ದಿದ್ದರೆ ಚೆನ್ನಾಗಿತ್ತು.

ಕಡಲ ಕಿಟಕಿ:
ನಾನು ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸ ಮಾಡುವವನು, ನಿಮ್ಮ ಮಿಮೀ ಮಾತು ಕೇಳಿ ನಗು ಬರುತ್ತಿದೆ. ವಾರ್ಟ್ಸಿಲಾ ಸುಲ್ಝರ್ ಆರ್‌ಟಿಎ96-ಸಿ ಅಂತ ಎಂಜಿನ್ ಇದೆ. ಬೋರ್ 960 ಮಿಮೀ, ಸ್ಟ್ರೋಕ್ ಎರಡೂವರೆ ಮೀಟರ್. ಗರಿಷ್ಠ 102 ಆರ್‌ಪಿಎಂ. ಪಿಸ್ಟನ್ ವೇಗ 8.5 ಮೀಟರ್. ನೋಡಿ ತಮಾಷೆ, ನಿಮ್ಮ ಎಫ್1 ಎಂಜಿನ್ ಇದಕ್ಕಿಂತ 176 ಪಟ್ಟು ಜಾಸ್ತಿ ತಿರುಗಿದರೂ ಪಿಸ್ಟನ್ ವೇಗ ಮೂರು ಪಟ್ಟು ಕೂಡ ಇಲ್ಲ. ನಮ್ಮದು ವಾರಗಟ್ಟಲೆ ನಿಲ್ಲದೆ ಓಡಬೇಕು, ಅದಕ್ಕೆ ನಿಧಾನ. ನಿಮ್ಮದು ಮಧ್ಯಾಹ್ನ ಮುಗಿಯುವವರೆಗೆ ಬದುಕಿದ್ದರೆ ಸಾಕು.

ಹಳೇ ಸ್ಪ್ಯಾನರ್:
ಇದು ಮುಖ್ಯವಾದ ಮಾತು. ಪಿಸ್ಟನ್ ವೇಗ ಕೇಳುವ ಮೊದಲು ಎಷ್ಟು ಹೊತ್ತು ಅಂತ ಕೇಳಬೇಕು. ಮನೆ ಕಾರಿಗೆ 15 ರಿಂದ 20. ಅಮೆರಿಕದ ಟಾಪ್ ಫ್ಯೂಯಲ್ ಡ್ರ್ಯಾಗ್ ಕಾರಿನಲ್ಲಿ ಸ್ಟ್ರೋಕ್ ನಾಲ್ಕೂವರೆ ಇಂಚು, ಅಂದರೆ 114.3 ಮಿಮೀ. 8000ಕ್ಕೆ ಹಾಕಿದರೆ 30.5 ಮೀಟರ್. ಆದರೆ ಓಟ 1000 ಅಡಿ, ನಾಲ್ಕು ಸೆಕೆಂಡ್ ಕೂಡ ಇಲ್ಲ. ಓಟ ಮುಗಿದ ಕೂಡಲೇ ಬಿಚ್ಚಿ ರಾಡು, ಪಿಸ್ಟನ್ನು, ಬೇರಿಂಗು ಎಲ್ಲ ನೋಡುತ್ತಾರೆ.

ಮೂಲೆಯ ಮುನ್ನಾ:
25 ಮೀಟರ್ ಅನ್ನುವುದನ್ನು ಎಲ್ಲರೂ ದೇವರ ವಾಕ್ಯದ ಹಾಗೆ ಹೇಳುತ್ತಿದ್ದೀರಿ. ಮೋಟೊಜಿಪಿ ಬೈಕ್ ರೇಸ್ ನೋಡಿ. 2012ರಿಂದ 1000 ಸಿಸಿ, ನಾಲ್ಕು ಸಿಲಿಂಡರ್, ಬೋರ್ 81 ಮಿಮೀ ಮೀರುವಂತಿಲ್ಲ. ಹಾಗಾದರೆ ಸ್ಟ್ರೋಕ್ 48.5. ಅವು 18,000 ತಿರುಗುತ್ತವೆ. 29.1 ಮೀಟರ್ ಬಂತು. ನಾಲ್ಕು ಸೆಕೆಂಡಿಗಲ್ಲ, ಮುಕ್ಕಾಲು ಗಂಟೆ ರೇಸಿಗೆ, ಒಂದೇ ಎಂಜಿನ್ ಹಲವು ರೇಸಿಗೆ. ಅಂಗಡಿಯಲ್ಲಿ ಸಿಗುವ ಡುಕಾಟಿ ಪನಿಗಾಲೆ ವಿ4 ಆರ್ ಕೂಡ 48.4 ಸ್ಟ್ರೋಕ್, ಆರನೇ ಗೇರಿನಲ್ಲಿ 16,500. ಅದೂ 26.6 ಮೀಟರ್.

ಡ್ರಾಯಿಂಗ್ ಬೋರ್ಡ್:
ಮುನ್ನಾ ಹೇಳಿದ್ದು ಸರಿ, ಮತ್ತು ಅದರ ಕಾರಣ ಮಜವಾಗಿದೆ. ಬೋರ್‌ಗೆ ಬೀಗ ಹಾಕಿದರು. ಗಾಳಿ ಗಿರಾಕಿಯ ಸೂತ್ರದಲ್ಲಿ ವಿಸ್ತೀರ್ಣ ಹೋಯಿತು, ಒತ್ತಡ ಮೊದಲೇ ನಿಂತಿದೆ. ಉಳಿದಿದ್ದು ಪಿಸ್ಟನ್ ವೇಗ. ಹಾಗಾಗಿ ಎಲ್ಲರೂ ಅದನ್ನೇ ಹಿಂಡಿದರು. ನಿಯಮ ಯಾವ ಬಾಗಿಲು ಮುಚ್ಚುತ್ತದೋ ಎಂಜಿನಿಯರ್ ಪಕ್ಕದ ಬಾಗಿಲು ತಳ್ಳುತ್ತಾನೆ. 2027ಕ್ಕೆ 850 ಸಿಸಿ, ಬೋರ್ 75 ಅಂತ ನಿಯಮ. ಲೆಕ್ಕ ಹಾಕಿದರೆ ಸ್ಟ್ರೋಕ್ 48.1, ಹೆಚ್ಚುಕಡಿಮೆ ಈಗಿರುವಷ್ಟೇ. ಸಿಸಿ ಕಡಿಮೆ ಮಾಡಿದರೆ ಆರ್‌ಪಿಎಂ ಏರಿಸಿಬಿಡುತ್ತಾರೆ ಅಂತ ಗೊತ್ತಿದ್ದೇ ಬೋರ್ ಕೂಡ ಇಳಿಸಿದ್ದಾರೆ.

ಹಳೇ ಕಾಲದ ಹಯವದನ:
ಬಾಗಿಲು ಮುಚ್ಚುವ ಆಟ ನೂರು ವರ್ಷಕ್ಕಿಂತ ಹಳೆಯದು. 1910ರಲ್ಲಿ ಬ್ರಿಟನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ ಒಂದು ಅಶ್ವಶಕ್ತಿ ಸೂತ್ರ ಮಾಡಿತು. ಇಂಚಿನಲ್ಲಿ ಬೋರ್ ಅಳೆದು, ಅದರ ವರ್ಗವನ್ನು ಸಿಲಿಂಡರ್ ಸಂಖ್ಯೆಯಿಂದ ಗುಣಿಸಿ ಎರಡೂವರೆಯಿಂದ ಭಾಗಿಸಬೇಕು. ಸ್ಟ್ರೋಕ್ ಲೆಕ್ಕಕ್ಕೇ ಇಲ್ಲ! ಯಾಕೆಂದರೆ ಪಿಸ್ಟನ್ ವೇಗ ನಿಮಿಷಕ್ಕೆ 1000 ಅಡಿ ಅಂತ ಅವರೇ ಒಪ್ಪಿಕೊಂಡುಬಿಟ್ಟಿದ್ದರು, ಅಂದರೆ ಸೆಕೆಂಡಿಗೆ ಐದು ಮೀಟರ್ ಚಿಲ್ಲರೆ. ಆಮೇಲೆ 1921ರಿಂದ ಆ ಸೂತ್ರದ ಪ್ರತಿ ಅಶ್ವಶಕ್ತಿಗೆ ಒಂದು ಪೌಂಡ್ ತೆರಿಗೆ. ಕಂಪನಿಗಳು ಏನು ಮಾಡಿದವು? ಬೋರ್ ಸಣ್ಣ, ಸ್ಟ್ರೋಕ್ ಉದ್ದ. ಎರಡನೇ ಮಹಾಯುದ್ಧ ಮುಗಿಯುವವರೆಗೂ ಬ್ರಿಟಿಷ್ ಕಾರುಗಳ ಎಂಜಿನ್ ಉದ್ದುದ್ದ ಇದ್ದಿದ್ದಕ್ಕೆ ಈ ತೆರಿಗೆಯೇ ದೊಡ್ಡ ಕಾರಣ.

ಫ್ರಾನ್ಸಿನಲ್ಲಿ ಇನ್ನೂ ಮಜ. ಅದೇ ಕಾಲದ ಸಣ್ಣ ಕಾರುಗಳ ರೇಸಿನಲ್ಲಿ ಬೋರ್‌ಗೆ ಮಿತಿ ಇತ್ತು. ಲಯನ್ ಪ್ಯೂಜೊ 1910ರಲ್ಲಿ ಎರಡು ಸಿಲಿಂಡರ್ ಎಂಜಿನ್ ತಂದಿತು. ಬೋರ್ 80 ಮಿಮೀ, ಸ್ಟ್ರೋಕ್ 280 ಮಿಮೀ. ಬಾನೆಟ್ ಎಷ್ಟು ಎತ್ತರ ಅಂದರೆ ಎದುರಿನ ರಸ್ತೆ ನೋಡಲು ಚಾಲಕ ಪಕ್ಕಕ್ಕೆ ಇಣುಕಬೇಕು.

ರೆಡ್‌ಲೈನ್ ರಾಜ:
280 😂 ತಿಮ್ಮಣ್ಣನಿಗೆ ಸರಿಯಾದ ಗಾಡಿ.

ಟಾರ್ಕ್ ತಿಮ್ಮ:
ನಗಿ ನಗಿ. ಸಿಕ್ಕಿದರೆ ಇವತ್ತೇ ತಗೊಳ್ಳುತ್ತೇನೆ.

ಹೊಸಬ 47:
ಒಂದು ಸಣ್ಣ ಅನುಮಾನ. ಬೋರ್ ಅಗಲ ಮಾಡುವುದೇ ಲಾಭ ಅಂದರೆ ಇನ್ನೂ ಅಗಲ ಮಾಡಬಹುದಿತ್ತಲ್ಲ? 98ಕ್ಕೆ ಯಾಕೆ ನಿಂತರು?

ಡ್ರಾಯಿಂಗ್ ಬೋರ್ಡ್:
2006ರಿಂದ 98 ಅನ್ನುವುದು ನಿಯಮವೇ. ಆದರೆ ನಿಯಮ ಇಲ್ಲದಿದ್ದರೂ ಒಂದು ಕಡೆ ನಿಲ್ಲಲೇಬೇಕು. ಲೆಕ್ಕ ನೋಡಿ. ಒಂದು ಸಿಲಿಂಡರ್ 300 ಸಿಸಿ. ಕಂಪ್ರೆಷನ್ 13ಕ್ಕೆ 1 ಅಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 25 ಸಿಸಿ. ಅದನ್ನು 98 ಮಿಮೀ ಅಗಲಕ್ಕೆ ಹರಡಿದರೆ ಸರಾಸರಿ ಎತ್ತರ 3.3 ಮಿಮೀ! ಅದರಲ್ಲೇ ವಾಲ್ವ್ ತಾಗದಂತೆ ಪಿಸ್ಟನ್ ತಲೆಯಲ್ಲಿ ಹಳ್ಳ ತೋಡಬೇಕು. ಹಳ್ಳ ತೋಡಿದಷ್ಟು ಬೇರೆ ಕಡೆ ಇನ್ನೂ ತೆಳು. ಬೆಂಕಿಗೆ ಓಡಲು ಜಾಗ ಎಲ್ಲಿದೆ? ತಣ್ಣಗಿನ ಲೋಹ ಎರಡೂ ಕಡೆಯಿಂದ ಶಾಖ ಹೀರುತ್ತದೆ. ಸ್ಪಾರ್ಕ್ ನಡುವೆ, ಅಲ್ಲಿಂದ ಅಂಚಿಗೆ 49 ಮಿಮೀ ದೂರ, ಪೂರ್ತಿ ಒಂದು ಸ್ಟ್ರೋಕಿಗೆ ಇರುವ ಸಮಯ 1.67 ಮಿಲಿಸೆಕೆಂಡ್.

ಆದರೂ ಉರಿಯುತ್ತದೆ, ಯಾಕೆಂದರೆ ಆರ್‌ಪಿಎಂ ಏರಿದ ಹಾಗೆ ಒಳಗಿನ ಗಾಳಿಯ ಸುಳಿಗಳೂ ಜೋರಾಗಿ ಬೆಂಕಿಯನ್ನು ಎಳೆದಾಡುತ್ತವೆ. ಇದೊಂದು ಇಲ್ಲದಿದ್ದರೆ 5000 ದಾಟಿದ ಎಂಜಿನ್ನೇ ಇರುತ್ತಿರಲಿಲ್ಲವೇನೋ.

ಮೂಲೆಯ ಮುನ್ನಾ:
ಪಿಸ್ಟನ್ ಕೆಳಗೆ ಏನೇ ಇರಲಿ, ತುಂಬಾ ಸಲ ಮೊದಲು ಕೈಕೊಡುತ್ತಿದ್ದಿದ್ದು ವಾಲ್ವ್ ಸ್ಪ್ರಿಂಗ್. ಒಂದು ಹಂತ ದಾಟಿದರೆ ಸ್ಪ್ರಿಂಗ್ ತನ್ನಷ್ಟಕ್ಕೆ ಕುಣಿಯಲು ಶುರು ಮಾಡುತ್ತದೆ, ವಾಲ್ವ್ ಕ್ಯಾಮನ್ನು ಬಿಟ್ಟು ತೇಲುತ್ತದೆ, ಪಿಸ್ಟನ್ ಬಂದು ಮುತ್ತು ಕೊಡುತ್ತದೆ. 1986ರಲ್ಲಿ ರೆನೊ ಎಫ್1ನಲ್ಲಿ ಸ್ಪ್ರಿಂಗ್ ಬದಲು ಒತ್ತಿದ ಗ್ಯಾಸ್ ಬಳಸಿತು. ಆಮೇಲೆ ತಾನೇ ಈ 18, 19 ಸಾವಿರದ ಮಾತು ಬಂದಿದ್ದು. ಡುಕಾಟಿಯದು ಬೇರೆ ದಾರಿ, ವಾಲ್ವ್ ಮುಚ್ಚಲಿಕ್ಕೂ ಇನ್ನೊಂದು ರಾಕರ್.

ಕ್ಲಚ್ ಕಿಟ್ಟಿ:
20,000 ಮುಟ್ಟಿದ್ದು ಯಾರು?

ಮೂಲೆಯ ಮುನ್ನಾ:
2006, ಕಾಸ್ವರ್ತ್ ವಿ8. ಆಗ ಮಿತಿ ಇರಲಿಲ್ಲ. 2007ಕ್ಕೆ 19,000 ಮಿತಿ, 2009ಕ್ಕೆ 18,000. ರಾಜನ ಲೆಕ್ಕದಲ್ಲಿ 20,000 ಹಾಕಿದರೆ 26.5 ಮೀಟರ್.

ಗಾಳಿ ಗಿರಾಕಿ:
ಅಬ್ಬಾ, ಒಂದು ಕಾಕತಾಳೀಯ ನೋಡಿ. 2014ರ ವಿ6 ಟರ್ಬೊಗೆ ಬೋರ್ 80, ಸ್ಟ್ರೋಕ್ 53, ಮಿತಿ 15,000. ಗುಣಿಸಿ. ಅದೂ 26.5! ಆದರೆ ಯಾರೂ ಅಲ್ಲಿಗೆ ಹೋಗಲೇ ಇಲ್ಲ. ಪೆಟ್ರೋಲ್ ಹರಿವಿಗೆ ಗಂಟೆಗೆ 100 ಕೆಜಿ ಮಿತಿ ಹಾಕಿದರು, ಅದು 10,500ಕ್ಕೇ ಮುಟ್ಟಿಬಿಡುತ್ತಿತ್ತು. ಅದರಾಚೆ ಆರ್‌ಪಿಎಂ ಏರಿಸಿದರೆ ಸಿಗುತ್ತಿದ್ದದ್ದು ಘರ್ಷಣೆ ಮಾತ್ರ. 12,000ದಲ್ಲಿ ಪಿಸ್ಟನ್ ವೇಗ 21.2 ಅಷ್ಟೇ. ಸದ್ದು ಸತ್ತಿದ್ದಕ್ಕೆ ಟರ್ಬೊ ಒಂದೇ ಕಾರಣ ಅಲ್ಲ.

ರೋಟರಿ ರಂಗ:
ಪಿಸ್ಟನ್ನೇ ಬೇಡ ಅಂದವರು ಜಾಣರು. ಮಜ್ದಾ 787ಬಿ, 1991ರ ಲ ಮಾನ್, 9000 ಆರ್‌ಪಿಎಂ. ನಿಲ್ಲುವುದೂ ಇಲ್ಲ, ವಾಪಸ್ ತಿರುಗುವುದೂ ಇಲ್ಲ. ಮತ್ತೆ 9000 ಅನ್ನುವುದು ಶಾಫ್ಟಿನದು, ಪಿಸ್ಟನ್ ಬದಲು ಒಳಗೆ ಸುತ್ತುವ ತ್ರಿಕೋನ ರೋಟರ್ ತಿರುಗುವುದು ಬರೀ 3000.

ಕ್ಲಚ್ ಕಿಟ್ಟಿ:
ಎರಡು ಸ್ಟ್ರೋಕ್ ಬಂದಾಗಲೇ ಗೊತ್ತಿತ್ತು ರೋಟರಿಯೂ ಬರುತ್ತದೆ ಅಂತ.

ಹೊಸಬ 47:
ಕನೆಕ್ಟಿಂಗ್ ರಾಡ್ ಉದ್ದ ಮಾಡಿದರೆ ಶಕ್ತಿ ಜಾಸ್ತಿ ಆಗುತ್ತದೆ ಅಂತ ಎಲ್ಲೋ ಓದಿದ್ದೆ. ನಿಜವಾ?

ಲೆಕ್ಕದ ಮೇಷ್ಟ್ರು:
ನೇರವಾಗಿ ಏನೂ ಇಲ್ಲ. ರಾಡ್ ಉದ್ದ ಸ್ಟ್ರೋಕಿನ ಒಂದೂವರೆ ಪಟ್ಟು ಇದ್ದರೆ ಮೇಲಿನ ತುದಿಯಲ್ಲಿ ಎಳೆತ ಮೂಲ ಲೆಕ್ಕಕ್ಕಿಂತ 33 ಶೇಕಡಾ ಜಾಸ್ತಿ, ಎರಡು ಪಟ್ಟು ಇದ್ದರೆ 25 ಶೇಕಡಾ ಜಾಸ್ತಿ. ವ್ಯತ್ಯಾಸ ಅಷ್ಟೇ. ಲೈನರ್ ಗೋಡೆಗೆ ಪಿಸ್ಟನ್ ಒರಗುವುದೂ ಸ್ವಲ್ಪ ಕಡಿಮೆ ಆಗುತ್ತದೆ. ಆದರೆ ಉದ್ದ ರಾಡ್ ಭಾರ, ಬ್ಲಾಕ್ ಎತ್ತರ, ಹೆಡ್ ಮೇಲಕ್ಕೆ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಳ್ಳುವ ವ್ಯವಹಾರ.

ಹಳೇ ಸ್ಪ್ಯಾನರ್:
ರಾಡ್ ಉದ್ದದ ಮೇಲೆ ಜಗಳ ಆಡಿ ಮೂರು ಸ್ನೇಹಿತರನ್ನು ಕಳೆದುಕೊಂಡಿದ್ದೇನೆ. ನಾನು ಈ ವಿಷಯಕ್ಕೆ ಬರಲ್ಲ.

ರೆಡ್‌ಲೈನ್ ರಾಜ:
ಅಣ್ಣಾ, ಹಾಗಾದರೆ ನನ್ನ ತಲೆಯಲ್ಲಿದ್ದ ಒಂದು ಯೋಜನೆ ಕೇಳಿಬಿಡುತ್ತೇನೆ. ಎರಡು ಲೀಟರ್ ಎಂಜಿನ್‌ಗೆ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿ, ಸಿಸಿ ಏರಿಸಿ, ರೆಡ್‌ಲೈನ್ (ದಾಟಬಾರದ ಆರ್‌ಪಿಎಂ) 9000ಕ್ಕೇ ಬಿಟ್ಟರೆ?

ಹಳೇ ಸ್ಪ್ಯಾನರ್:
ಹೋಂಡಾದವರೇ ಅದನ್ನು ಮಾಡಿ ತೋರಿಸಿದ್ದಾರೆ ತಮ್ಮಾ. ಎಸ್2000ಕ್ಕೆ ಆಮೇಲೆ 2.2 ಲೀಟರ್ ಎಂಜಿನ್ ಬಂತು. ಬೋರ್ ಅದೇ 87, ಸ್ಟ್ರೋಕ್ 84ರಿಂದ 90.7. ರೆಡ್‌ಲೈನ್ ಎಷ್ಟಕ್ಕೆ ಇಳಿಸಿದರು? 8000. ಲೆಕ್ಕ ಹಾಕು, 24.2 ಮೀಟರ್. 9000ಕ್ಕೇ ಬಿಟ್ಟಿದ್ದರೆ 27.2 ಆಗುತ್ತಿತ್ತು. ಅಷ್ಟು ತಿಳಿದವರೇ ಸಾವಿರ ಕೆಳಗೆ ಬಂದರು. ನೀನು ಗೇರೇಜಿನಲ್ಲಿ ಕೂತು ಆ ಸಾವಿರ ವಾಪಸ್ ತರುತ್ತೇನೆ ಅಂದರೆ ಹಗುರ ಪಿಸ್ಟನ್, ಒಳ್ಳೆ ರಾಡ್, ಒಳ್ಳೆ ಬೋಲ್ಟ್ ಎಲ್ಲ ಬೇಕು. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ: ಹೆಡ್ (ವಾಲ್ವ್ ಇರುವ ಮೇಲ್ಭಾಗ) ಅಷ್ಟು ಗಾಳಿ ಕೊಡುತ್ತದಾ? ವಾಲ್ವ್ ಅದೇ ಇದೆ, ಪಿಸ್ಟನ್ ಜಾಸ್ತಿ ಎಳೆಯುತ್ತಿದೆ. ಶಕ್ತಿಯ ತುದಿ 8000ದ ಕೆಳಗೇ ಬಂದು ಕೂತರೆ ಮೇಲಿನ ಸಾವಿರ ತಿರುಗಿಸಿ ಏನು ಮಾಡುತ್ತೀಯ?

ರೆಡ್‌ಲೈನ್ ರಾಜ:
ಸದ್ದು ಕೇಳಲಿಕ್ಕೆ ಅಣ್ಣಾ.

ಹಳೇ ಸ್ಪ್ಯಾನರ್:
ಪ್ರಾಮಾಣಿಕ ಉತ್ತರ. ಒಪ್ಪಿದೆ.

ಹೊಸಬ 47:
ಸ್ಪ್ಯಾನರ್ ಸಾರ್, ಇನ್ನೊಂದು. ನಿಮ್ಮ ಕಥೆ ಓದಿದ ಮೇಲೆ ಭಯ ಶುರುವಾಗಿದೆ. ಹೋದ ತಿಂಗಳು ನಾನೂ ತಪ್ಪು ಗೇರಿಗೆ ಹಾಕಿ ಒಂದು ಕ್ಷಣ ಮುಳ್ಳು ಕೆಂಪು ದಾಟಿ ಹೋಗಿತ್ತು. ಎಂಜಿನ್ ಚೆನ್ನಾಗೇ ಓಡುತ್ತಿದೆ. ಬಿಚ್ಚಬೇಕಾ?

ಹಳೇ ಸ್ಪ್ಯಾನರ್:
ಎಷ್ಟು ದಾಟಿತ್ತು ಅನ್ನುವುದರ ಮೇಲೆ. ಎಳೆತ ಆರ್‌ಪಿಎಂ ವರ್ಗದಂತೆ ಏರುತ್ತದೆ, 10 ಶೇಕಡಾ ಮೀರಿದರೆ ಹೊರೆ 21 ಶೇಕಡಾ ಜಾಸ್ತಿ. ಮೊದಲು ಕಂಪ್ರೆಷನ್ ಟೆಸ್ಟ್ ಮಾಡಿಸಿ. ವಾಲ್ವ್ ಪಿಸ್ಟನ್‌ಗೆ ತಾಗಿ ಬಗ್ಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ವಾಲ್ವ್ ಕ್ಲಿಯರೆನ್ಸ್ ಅಳೆಯಿರಿ, ಒಂದೆರಡು ಮಾತ್ರ ಉಳಿದವಕ್ಕಿಂತ ಬೇರೆ ಇದ್ದರೆ ಅನುಮಾನ ಪಡಿ.

ಅದು ಸರಿ ಇದ್ದು, ಟ್ರ್ಯಾಕಿಗೆ ಮತ್ತೆ ಹೋಗುವ ಆಸೆ ಇದ್ದರೆ ಆಯಿಲ್ ಸಂಪ್ ಇಳಿಸಿ. ಬಿಗ್ ಎಂಡ್ ಬೇರಿಂಗ್ (ರಾಡ್ ಕ್ರ್ಯಾಂಕಿಗೆ ಕೂರುವ ಕಡೆಯದು) ನೋಡಿ, ಕ್ಯಾಪ್ ಕಡೆಯ ಚಿಪ್ಪು ಸವೆದು ತಾಮ್ರ ಕಾಣುತ್ತಿದೆಯಾ ಅಂತ. ಬೋಲ್ಟ್ ಬಿಚ್ಚಿ ಮೈಕ್ರೋಮೀಟರಿನಲ್ಲಿ ಉದ್ದ ಅಳೆಯಿರಿ. ಒಂದು ಬೋಲ್ಟ್ ಉಳಿದವಕ್ಕಿಂತ ಉದ್ದ ಬಂದಿದ್ದರೆ ಅದು ಎಳೆದುಕೊಂಡಿದೆ, ವಾಪಸ್ ಬರಲ್ಲ. ಬಿಚ್ಚಿದ ಮೇಲೆ ಎಲ್ಲ ಬೋಲ್ಟೂ ಹೊಸದೇ ಹಾಕಿ, ಹಳೆಯದು ಚೆನ್ನಾಗಿ ಕಂಡರೂ ಸರಿ. ಅಲ್ಲಿಯವರೆಗೆ ರೆಡ್‌ಲೈನ್ ಕಡೆ ಹೋಗಬೇಡಿ.

ಹೊಸಬ 47:
ಶನಿವಾರ ಸಂಪ್ ಇಳಿಸುತ್ತೇನೆ ಸಾರ್. ಫೋಟೊ ಹಾಕುತ್ತೇನೆ.